ಶಿಲುಬೆಯ ಹಿಂದೆ ರಾಜಮುದ್ರೆ: ಗೋವಾದಿಂದ ನಮ್ಮೂರಿನವರೆಗೆ



ಕಾಸರಗೋಡು ಸೀಮೆಯ ನಾವು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರ್ಕಾರಿ ಕಚೇರಿಯಲ್ಲಿ ಮಲಯಾಳ ಮಾತಾಡುವವರು. ಹೆಸರಿನ ಕೊನೆಗೆ ಬರುವುದು ಮಾತ್ರ ಡಿಸೋಜ, ಕ್ರಾಸ್ತಾ, ಮೊಂತೇರೊ, ಪಿಂಟೊ. ನಮ್ಮ ಹಿರಿಯರು ಗೋವಾದಿಂದ ಬಂದವರು ಎಂಬುದು ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳಿಗೂ ಗೊತ್ತು. ಯಾಕೆ ಬಂದರು ಎಂದು ಕೇಳಿದರೆ ಒಬ್ಬರು ಬರಗಾಲ ಎನ್ನುತ್ತಾರೆ, ಇನ್ನೊಬ್ಬರು ಮರಾಠರ ದಾಳಿ ಎನ್ನುತ್ತಾರೆ, ಮತ್ತೊಬ್ಬರು ದನಿ ತಗ್ಗಿಸಿ ‘ಇನ್ಕ್ವಿಸಿಷನ್’ ಎನ್ನುತ್ತಾರೆ. ಮೂರೂ ನಿಜ. ಮೊದಲ ಎರಡಕ್ಕೆ ವಿವರಣೆ ಬೇಕಾಗಿಲ್ಲ. ಮೂರನೆಯದಕ್ಕೆ ಬೇಕು. ಏಕೆಂದರೆ ಅದರಲ್ಲಿ ಒಂದು ವಿಚಿತ್ರವಿದೆ: ಕ್ರೈಸ್ತರಾದ ನಮ್ಮ ಹಿರಿಯರಲ್ಲಿ ಹಲವರು ಕ್ರೈಸ್ತ ಸರ್ಕಾರಕ್ಕೆ ಹೆದರಿ, ಶಿವಭಕ್ತರಾದ ಕೆಳದಿಯ ಅರಸರ ನಾಡಿಗೆ ಓಡಿ ಬಂದರು.

ಇದರ ಬೇರು ಒಂದು ಒಪ್ಪಂದದಲ್ಲಿದೆ. 15ನೇ ಶತಮಾನದಲ್ಲಿ ಪೋರ್ಚುಗಲ್ ಸಮುದ್ರಯಾನಕ್ಕೆ ಇಳಿದಾಗ, ಹೊಸದಾಗಿ ಕಂಡ ನಾಡುಗಳಲ್ಲಿ ಧರ್ಮಸಭೆಯನ್ನು ಕಟ್ಟುವ ಹೊಣೆಯನ್ನು ಪೋಪರು ಅಲ್ಲಿನ ರಾಜನಿಗೇ ಒಪ್ಪಿಸಿದರು. 1455ರಲ್ಲಿ ಐದನೇ ನಿಕೊಲಸ್ ಹೊರಡಿಸಿದ ಆಜ್ಞಾಪತ್ರದಿಂದ ಶುರುವಾದ ಈ ಏರ್ಪಾಟು ಮುಂದೆ ಬೆಳೆದು ‘ಪಾದ್ರೊವಾದೊ’ ಎನಿಸಿಕೊಂಡಿತು. ಅಂದರೆ ಪೋಷಕತ್ವ. ರಾಜ ಚರ್ಚ್ ಕಟ್ಟಿಸಬೇಕು, ಗುರುಗಳಿಗೆ ಸಂಬಳ ಕೊಡಬೇಕು, ಹಡಗಿನಲ್ಲಿ ಮಿಷನರಿಗಳನ್ನು ಕಳಿಸಬೇಕು. ಬದಲಿಗೆ ಧರ್ಮಾಧ್ಯಕ್ಷ ಯಾರಾಗಬೇಕೆಂದು ಹೆಸರಿಸುವ ಹಕ್ಕು ರಾಜನದು. ಆ ಕಾಲಕ್ಕೆ ಇದು ಬಹಳ ಅನುಕೂಲದ ವ್ಯವಸ್ಥೆ ಎಂದೇ ಎಲ್ಲರಿಗೂ ಕಂಡಿರಬೇಕು. ರೋಮ್‌ಗೆ ಖರ್ಚಿಲ್ಲ, ರಾಜನಿಗೆ ಗೌರವ. ನಮ್ಮ ಕೊಂಕಣಿಯಲ್ಲಿ ಇಂದಿಗೂ ಧರ್ಮಕೇಂದ್ರಕ್ಕೆ ‘ಫಿರ್ಗಜ್’ ಎನ್ನುತ್ತೇವಲ್ಲ, ಅದು ಆ ಕಾಲದ ಪೋರ್ಚುಗೀಸ್ ಶಬ್ದವೇ.

1510ರ ನವೆಂಬರ್ 25ರಂದು, ಸಂತ ಕ್ಯಾಥರಿನ್‌ರ ಹಬ್ಬದ ದಿನ, ಅಫೊನ್ಸೊ ಡಿ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಗಳಿಂದ ಗೋವಾವನ್ನು ಗೆದ್ದುಕೊಂಡ. ಮೊದಲ ಕೆಲವು ದಶಕ ಹೆಚ್ಚಿನ ಬಲವಂತ ಇರಲಿಲ್ಲ. 1540ರ ಹೊತ್ತಿಗೆ ಗಾಳಿ ಬದಲಾಯಿತು. ತಿಸ್ವಾಡಿ ದ್ವೀಪದ ದೇವಸ್ಥಾನಗಳು ನೆಲಸಮವಾದವು. 1541ರಲ್ಲಿ ಆ ದೇವಸ್ಥಾನಗಳ ಜಮೀನಿನ ಆದಾಯವನ್ನು ಮಿಷನರಿ ವಿದ್ಯಾಲಯಕ್ಕೆ ತಿರುಗಿಸಲು ಹಳ್ಳಿಯ ಮುಖಂಡರಿಂದ ಸಮ್ಮತಿ ಪಡೆಯಲಾಯಿತು. ಎದುರಿಗೆ ಅಧಿಕಾರಿ ಕುಳಿತಿರುವಾಗ ಕೊಟ್ಟ ಸಮ್ಮತಿ ಎಂಥದ್ದೆಂದು ನಾವೇ ಊಹಿಸಬಹುದು. 1559ರಲ್ಲಿ ಇನ್ನೊಂದು ಕಾನೂನು: ಅನಾಥರಾದ ಹಿಂದೂ ಮಕ್ಕಳನ್ನು ಕ್ರೈಸ್ತ ಸಂಸ್ಥೆಗೆ ಒಪ್ಪಿಸಿ ದೀಕ್ಷಾಸ್ನಾನ ಕೊಡಿಸಬೇಕು. ಈ ಕಾರಣಕ್ಕೇ ಎಷ್ಟೋ ಕುಟುಂಬಗಳು ದೇವರ ಮೂರ್ತಿಗಳನ್ನು ಹೊತ್ತುಕೊಂಡು ರಾತ್ರೋರಾತ್ರಿ ನದಿ ದಾಟಿದವು. ಮಂಗೇಶಿ, ಶಾಂತಾದುರ್ಗಾ ದೇವಾಲಯಗಳು ಇಂದು ಫೋಂಡಾದಲ್ಲಿ ಇರುವುದು ಇದೇ ಕಾರಣಕ್ಕೆ. ಆಗ ಫೋಂಡಾ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ನಮ್ಮ ಮಂಜೇಶ್ವರ, ಮಂಗಳೂರು ಕಡೆ ನೆಲೆಸಿದ ಕೊಂಕಣಿ ಹಿಂದೂ ಕುಟುಂಬಗಳ ನೆನಪಿನಲ್ಲೂ ಈ ಕತೆ ಇದೆ. ಅವರೂ ನಾವೂ ಒಂದೇ ದಾರಿಯಲ್ಲಿ ಬಂದವರು, ಬೇರೆ ಬೇರೆ ದೇವರನ್ನು ಹೊತ್ತು.

ಆ ಮೇಲೆ 1560ರಲ್ಲಿ ಧರ್ಮ ವಿಚಾರಣಾ ನ್ಯಾಯಾಲಯ, ಅಂದರೆ ಇನ್ಕ್ವಿಸಿಷನ್, ಗೋವಾಕ್ಕೆ ಬಂತು. ಇಲ್ಲಿ ನಾವು ಒಂದು ಕಹಿ ಸಂಗತಿಯನ್ನು ಮುಚ್ಚಿಡಬಾರದು. ನಾವು ಪ್ರೀತಿಸುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರೇ 1546ರಲ್ಲಿ ರಾಜನಿಗೆ ಪತ್ರ ಬರೆದು ಇದನ್ನು ಕೇಳಿಕೊಂಡಿದ್ದರು. ಅದು ಶುರುವಾಗುವಾಗ ಅವರು ತೀರಿಕೊಂಡು ಎಂಟು ವರ್ಷ ಆಗಿತ್ತು. ಸಂತರೂ ತಮ್ಮ ಕಾಲದ ಮಕ್ಕಳೇ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಪತ್ರ ಯಾರಿಗೆ ಹೋಯಿತು ಎಂಬುದನ್ನು ಗಮನಿಸಿ. ರಾಜನಿಗೆ. ಧರ್ಮದ ಸಮಸ್ಯೆಗೆ ಪರಿಹಾರ ಅರಮನೆಯಲ್ಲಿದೆ ಎಂದು ಅಷ್ಟು ಒಳ್ಳೆಯ ಮನುಷ್ಯನಿಗೂ ಅನಿಸಿತ್ತು.

ಹಳೇಗೋವಾದಲ್ಲಿ ಆದಿಲಶಾಹಿಯ ಹಳೆಯ ಅರಮನೆಯೇ ಈ ನ್ಯಾಯಾಲಯದ ಮನೆ. ಜನ ಅದನ್ನು ‘ವ್ಹಡ್ಲೆಂ ಘರ್’, ದೊಡ್ಡ ಮನೆ, ಎನ್ನುತ್ತಿದ್ದರು. ಅದರ ಕೆಲಸದ ಕ್ರಮ ತಿಳಿದರೆ ಧರ್ಮ ಮತ್ತು ಅಧಿಕಾರ ಸೇರಿದಾಗ ಏನಾಗುತ್ತದೆಂದು ಅರ್ಥವಾಗುತ್ತದೆ. ದೂರು ಕೊಟ್ಟವರ ಹೆಸರನ್ನು ಆರೋಪಿಗೆ ಹೇಳುತ್ತಿರಲಿಲ್ಲ. ತಪ್ಪೇನು ಎಂದೂ ನೇರವಾಗಿ ಹೇಳುತ್ತಿರಲಿಲ್ಲ. ಅವನೇ ಊಹಿಸಿ ಒಪ್ಪಿಕೊಳ್ಳಬೇಕು. ತೀರ್ಪು ಗುರುಗಳದು, ಆದರೆ ‘ಧರ್ಮಸಭೆ ರಕ್ತ ಚೆಲ್ಲುವುದಿಲ್ಲ’ ಎಂಬ ನಿಯಮ ಇತ್ತಲ್ಲ, ಆದ್ದರಿಂದ ಮರಣದಂಡನೆಯ ಆರೋಪಿಯನ್ನು ಸರ್ಕಾರದ ಕೈಗೆ ಒಪ್ಪಿಸುತ್ತಿದ್ದರು. ಸರ್ಕಾರ ಸುಡುತ್ತಿತ್ತು. ಮುಟ್ಟುಗೋಲಾದ ಆಸ್ತಿ ಹೋಗುವುದು ರಾಜನ ಖಜಾನೆಗೆ. ಗುರು ಹೇಳುತ್ತಾನೆ ‘ನಾನು ಕೊಲ್ಲಲಿಲ್ಲ’, ಅಧಿಕಾರಿ ಹೇಳುತ್ತಾನೆ ‘ನಾನು ತೀರ್ಪು ಕೊಡಲಿಲ್ಲ’. ಇಬ್ಬರ ಕೈಯೂ ಸ್ವಚ್ಛ! ಪಿಲಾತನ ಬೋಗುಣಿಯ ನೀರು ನೆನಪಾಗದೆ ಇರುವುದಿಲ್ಲ.

ವಿಜ್ಞಾನ ಓದಿದ ನಮಗೆ ಈ ಇತಿಹಾಸದಲ್ಲಿ ಅತಿ ಹೆಚ್ಚು ಕಾಡುವ ಹೆಸರು ಗಾರ್ಸಿಯಾ ಡ ಒರ್ತಾ. ಪೋರ್ಚುಗಲ್‌ನ ವೈದ್ಯ, 1534ರಲ್ಲಿ ಗೋವಾಕ್ಕೆ ಬಂದವರು. ಅಹಮದ್‌ನಗರದ ನಿಜಾಮಶಾಹಿ ಸುಲ್ತಾನನಿಗೂ ವೈದ್ಯರಾಗಿದ್ದರು. ಆಗಿನ ಬೊಂಬಾಯಿ ದ್ವೀಪವನ್ನು ಗೇಣಿಗೆ ಪಡೆದಿದ್ದರು ಕೂಡ. 1563ರಲ್ಲಿ ಅವರ ಪುಸ್ತಕ ಗೋವಾದಲ್ಲೇ ಅಚ್ಚಾಯಿತು. ಭಾರತದ ನೆಲಕ್ಕೆ ಅಚ್ಚುಯಂತ್ರ ಬಂದು ಆಗಿನ್ನೂ ಏಳೇ ವರ್ಷ. ಕಾಳುಮೆಣಸು, ಏಲಕ್ಕಿ, ಮಾವು, ಹಲಸು, ತೆಂಗು ಹೀಗೆ ನಮ್ಮ ಹಿತ್ತಲಲ್ಲೇ ಸಿಗುವ ಎಷ್ಟೋ ಸಸ್ಯಗಳ ಬಗ್ಗೆ ಇಬ್ಬರು ಮಾತಾಡಿಕೊಳ್ಳುವ ಹಾಗೆ ಬರೆದ ಪುಸ್ತಕ. ಕಾಲರಾ ರೋಗದ ಲಕ್ಷಣಗಳನ್ನು ತಾವು ಕಂಡ ಹಾಗೆ ಅದರಲ್ಲಿ ವಿವರಿಸಿದ್ದಾರೆ. ಗ್ರೀಕರ ಗ್ರಂಥದಲ್ಲಿ ಹೇಗಿದೆ ಎನ್ನುವುದಕ್ಕಿಂತ ಕಣ್ಣಿಗೆ ಕಂಡದ್ದು ದೊಡ್ಡದು ಎಂಬ ನಿಲುವು ಆ ಪುಸ್ತಕದ ಉದ್ದಕ್ಕೂ ಇದೆ. ನಾವು ಲ್ಯಾಬ್‌ನಲ್ಲಿ ಕಲಿಯುವ ಮೊದಲ ಪಾಠವೂ ಅದೇ ತಾನೆ?

ಒರ್ತಾ ಅವರ ಮನೆತನ ಮೂಲದಲ್ಲಿ ಯೆಹೂದ್ಯರದು. ಬಲವಂತದಿಂದ ಕ್ರೈಸ್ತರಾದವರ ಮಕ್ಕಳು. 1568ರಲ್ಲಿ ಅವರು ಹಾಸಿಗೆಯ ಮೇಲೆ ಸಹಜವಾಗಿ ತೀರಿಕೊಂಡರು. ಮುಂದಿನ ವರ್ಷ ಅವರ ತಂಗಿ ಕತರೀನಾಳನ್ನು, ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದಳೆಂದು ಸುಟ್ಟರು. 1580ರಲ್ಲಿ, ಅಂದರೆ ಸತ್ತ ಹನ್ನೆರಡು ವರ್ಷದ ಮೇಲೆ, ಒರ್ತಾ ಅವರ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಸುಡಲಾಯಿತು. ಸತ್ತವನಿಂದ ಯಾವ ಸಿದ್ಧಾಂತಕ್ಕೆ ಅಪಾಯ? ಈ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರ ಹುಡುಕಿ ಫಲವಿಲ್ಲ. ಹೆದರಿಕೆ ಹುಟ್ಟಿಸುವುದು ಆಡಳಿತದ ಕೆಲಸ, ಅದು ಬದುಕಿರುವವರಿಗಾಗಿ ನಡೆದ ಪ್ರದರ್ಶನ.

ಸುಟ್ಟವರ ಸಂಖ್ಯೆ ಹೆಚ್ಚಿಲ್ಲ ಎಂದು ಕೆಲವರು ವಾದಿಸುತ್ತಾರೆ. ಉಳಿದಿರುವ ಪಟ್ಟಿಗಳ ಪ್ರಕಾರ ವಿಚಾರಣೆಗೆ ಒಳಗಾದವರು 16,000ಕ್ಕಿಂತ ಹೆಚ್ಚು. ಅವರಲ್ಲಿ ಬೆಂಕಿಗೆ ಹೋದವರು ಬಹಳ ಕಡಿಮೆ. ಲೆಕ್ಕ ಹಾಗೇ ಇರಲಿ. ಆದರೆ ಹಳ್ಳಿಯ ಒಬ್ಬ ಬಡ ಕ್ರೈಸ್ತನಿಗೆ ಬೆಂಕಿಗಿಂತ ಹೆಚ್ಚಿನ ಭಯ ಪಕ್ಕದ ಮನೆಯವನ ಬಾಯಿಯದು. ಷಾರ್ಲ್ ದೆಲ್ಲೋನ್ ಎಂಬ ಫ್ರೆಂಚ್ ವೈದ್ಯ, ಅವನೂ ಕಥೋಲಿಕನೇ, ದಮನ್‌ನಲ್ಲಿ ಸಿಕ್ಕಿಬಿದ್ದು ಗೋವಾದ ‘ದೊಡ್ಡ ಮನೆ’ಯಲ್ಲಿ ಸೆರೆಯಿದ್ದ. 1676ರ ಜನವರಿಯಲ್ಲಿ ಅವನಿಗೆ ಶಿಕ್ಷೆ ಓದಿ ಹೇಳಲಾಯಿತು. ಬಿಡುಗಡೆಯಾದ ಮೇಲೆ 1687ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿಸಿದ. ಧರ್ಮದ ಬಗ್ಗೆ ಆಡಿದ ಕೆಲವು ಮಾತು ನೆಪ, ದಮನ್‌ನ ಅಧಿಕಾರಿಗೆ ಒಬ್ಬ ಹೆಣ್ಣಿನ ವಿಷಯದಲ್ಲಿ ತನ್ನ ಮೇಲಿದ್ದ ಹೊಟ್ಟೆಕಿಚ್ಚು ನಿಜವಾದ ಕಾರಣ ಎಂದು ಅವನು ಹೇಳುತ್ತಾನೆ. ಧರ್ಮದ್ರೋಹಕ್ಕೆ ಸರ್ಕಾರಿ ಶಿಕ್ಷೆ ಇರುವ ಕಡೆಯಲ್ಲೆಲ್ಲ ಇದು ನಡೆಯುತ್ತದೆ. ಜಾಗದ ಗಡಿ ತಕರಾರು, ಸಾಲ, ಹೆಣ್ಣು, ಹಳೆಯ ಜಗಳ ಎಲ್ಲವೂ ಧರ್ಮದ ವೇಷ ಹಾಕಿ ಠಾಣೆಗೆ ಹೋಗುತ್ತವೆ.

ಈಗ ನಮ್ಮ ಮನೆಯೊಳಗಿನ ವಿಷಯಕ್ಕೆ ಬರೋಣ. ಮದುವೆಯ ಹಿಂದಿನ ದಿನ ನಮ್ಮಲ್ಲಿ ರೋಸ್ ಇರುತ್ತದೆ. ತೆಂಗಿನ ಹಾಲು ಹಚ್ಚುವುದು, ಹೆಂಗಸರು ಸುತ್ತ ನಿಂತು ವೋವಿಯೊ ಹಾಡುವುದು. ಈಗ ಡಿಜೆ ಬಂದು ವೋವಿಯೊ ಮೂಲೆಗೆ ಸರಿದಿದೆ, ಅದು ಬೇರೆ ಸಂಕಟ. 1736ರಲ್ಲಿ ಗೋವಾದ ಇನ್ಕ್ವಿಸಿಷನ್ ಒಂದು ಉದ್ದದ ಆಜ್ಞೆ ಹೊರಡಿಸಿತು. ವಧೂವರರಿಗೆ ಅರಶಿನ, ತೆಂಗಿನ ಹಾಲು ಮುಂತಾದವನ್ನು ಲೇಪಿಸಬಾರದು. ಮದುವೆಯಲ್ಲಿ ಊರಿನ ಹಾಡು ಹಾಡಬಾರದು. ಹಿತ್ತಲಲ್ಲಿ ತುಳಸಿ ಇರಬಾರದು. ಅನ್ನಕ್ಕೆ ಉಪ್ಪು ಹಾಕದೆ ಬೇಯಿಸಬಾರದು, ಯಾಕೆಂದರೆ ಹಿಂದೂಗಳು ಹಾಗೆ ಬೇಯಿಸುತ್ತಾರೆ. ಗಂಡಸರು ಧೋತಿ ಉಡಬಾರದು, ಹೆಂಗಸರು ಚೋಳಿ ತೊಡಬಾರದು. ಅನ್ನದ ಗಡಿಗೆಯೊಳಗೆ ಇಣುಕುವ ಸರ್ಕಾರ! ನಮ್ಮ ಹಿರಿಯರು ಈ ಗಡಿಯ ಆಚೆ ಬಂದು ನೆಲೆಸಿದ್ದರಿಂದಲೇ ರೋಸ್ ಉಳಿಯಿತು, ವೋವಿಯೊ ಉಳಿಯಿತು, ಕೊಂಕಣಿ ಕನ್ನಡ ಲಿಪಿಯಲ್ಲಿ ಬರೆಯುವ ಭಾಷೆಯಾಗಿ ಬೆಳೆಯಿತು.

ಭಾಷೆಯ ಕತೆಯೂ ಹೀಗೇ. ಮೊದಮೊದಲು ಬಂದ ಮಿಷನರಿಗಳು ಭಾಷೆಗೆ ಶತ್ರುಗಳಾಗಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ಬರೆದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಅವರು ಬರೆದ ಕೊಂಕಣಿ ವ್ಯಾಕರಣ ಅವರು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲ್‌ನಲ್ಲಿ ಪ್ರಕಟವಾಯಿತು. (ಆ ಪುಸ್ತಕದಲ್ಲಿ ಕೊಂಕಣಿಗೆ ‘ಕನರಿಂ’ ಎಂಬ ಹೆಸರಿದೆ. ಪೋರ್ಚುಗೀಸರಿಗೆ ಕನ್ನಡವೂ ಕೊಂಕಣಿಯೂ ಒಂದೇ ಆಗಿ ಕೇಳಿಸಿತೋ ಏನೋ!) ಜನರ ಮನಸ್ಸು ಗೆಲ್ಲಬೇಕಾದಾಗ ಜನರ ಭಾಷೆ ಬೇಕು. ಹೆದರಿಸಿದರೆ ಸಾಕು ಎಂದಾದಾಗ ಅದು ಬೇಡ. 1684ರಲ್ಲಿ ವೈಸ್‌ರಾಯ್, ಅಲ್ವೊರ್‌ನ ಕೌಂಟ್, ಮೂರು ವರ್ಷದೊಳಗೆ ಎಲ್ಲರೂ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಮಾಡಿದ. ಶಾಲೆಯಲ್ಲಿ ಕನ್ನಡ ಉಳಿಸಲು 1956ರಿಂದ ಒದ್ದಾಡುತ್ತಿರುವ ನಮಗೆ ಇದರ ಬಿಸಿ ಬೇರೆಯವರಿಗಿಂತ ಬೇಗ ತಟ್ಟುತ್ತದೆ.

ಇದೇ 1684ರ ಹೊತ್ತಿಗೆ ನಮ್ಮ ಕನರಾದಲ್ಲಿ ಒಬ್ಬ ಗೋವಾದ ಯುವ ಗುರು ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದರು. 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್, ಇಂದಿನ ಸಂತ ಜೋಸೆಫ್ ವಾಜ್. ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ನಮ್ಮಲ್ಲಿ ಬಹಳ ಮಂದಿ ಹೋಗಿದ್ದೀರಿ. ಅವರು 1681ರಲ್ಲಿ ಇಲ್ಲಿಗೆ ಬಂದಾಗ ಕಂಡದ್ದು ಎರಡು ಪಾಲಾದ ಧರ್ಮಸಭೆ. ರೋಮ್‌ನ ಪ್ರೊಪಗಾಂದಾ ವಿಭಾಗ ಕಳಿಸಿದ ಧರ್ಮಾಧ್ಯಕ್ಷ ಥಾಮಸ್ ಡಿ ಕ್ಯಾಸ್ಟ್ರೊ ಮಂಗಳೂರಿನಲ್ಲಿದ್ದರು. ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ ಮಿಲಾಗ್ರಿಸ್ ಚರ್ಚ್ ಕಟ್ಟಿದವರು ಅವರೇ. ಪೋರ್ಚುಗಲ್ ರಾಜನ ಹಕ್ಕನ್ನು ಬಿಟ್ಟುಕೊಡಲು ಗೋವಾದವರು ತಯಾರಿರಲಿಲ್ಲ. ಇಬ್ಬರೂ ಕಥೋಲಿಕರು, ಒಂದೇ ವಿಶ್ವಾಸಪ್ರಮಾಣ, ಒಂದೇ ಪೂಜೆ. ಜಗಳ ಮಾತ್ರ ಯಾರ ಮುದ್ರೆ ದೊಡ್ಡದು ಎಂಬುದರ ಮೇಲೆ. ನಡುವೆ ಸಿಕ್ಕಿದ ಜನರಿಗೆ ಯಾವ ಗುರುವಿನ ಹತ್ತಿರ ಪಾಪನಿವೇದನೆ ಮಾಡಿದರೆ ಸಲ್ಲುತ್ತದೆ ಎಂಬುದೇ ಗೊತ್ತಿಲ್ಲ. ವಾಜ್ ಮೂರು ವರ್ಷ ಈ ಎರಡು ಪಕ್ಷವನ್ನು ಸೇರಿಸಲು ಹೆಣಗಿದರು. ಇತ್ತ ಕೆಳದಿ ಅರಸೊತ್ತಿಗೆಗೂ ಪೋರ್ಚುಗೀಸರಿಗೂ 1678ರಲ್ಲಿ ಆದ ಒಪ್ಪಂದದಲ್ಲಿ ಚರ್ಚ್ ಕಟ್ಟುವ ಅನುಮತಿಯೂ ಒಂದು ಕಲಮು. ಗೋವಾಕ್ಕೆ ಅಕ್ಕಿ ಹೋಗುತ್ತಿದ್ದುದು ಕನರಾದಿಂದ. ಹೀಗೆ ನಮ್ಮ ವಿಶ್ವಾಸ ಅಕ್ಕಿ ವ್ಯಾಪಾರದ ಪಕ್ಕದ ಕಲಮಾಗಿ ಹೋಯಿತು.

ವಾಜ್ ಅವರ ಮುಂದಿನ ಜೀವನ ಈ ವಿಷಯಕ್ಕೆ ಇನ್ನೂ ಹತ್ತಿರ. ಸಿಲೋನಿನ ಕರಾವಳಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಡಚ್ಚರು ಪ್ರೊಟೆಸ್ಟೆಂಟರು. ಕಥೋಲಿಕ ಗುರುಗಳನ್ನು ಓಡಿಸಿದರು, ಅವರಿಗೆ ಆಶ್ರಯ ಕೊಡುವುದನ್ನೂ ಅಪರಾಧವೆಂದರು. ಗೋವಾದಲ್ಲಿ ನಮ್ಮವರು ಇತರರಿಗೆ ಮಾಡಿದ್ದು ಅಲ್ಲಿ ನಮ್ಮವರಿಗೇ ಆಯಿತು. 1687ರಲ್ಲಿ ವಾಜ್ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಕಡೆ ಇಳಿದರು. ಯಾರು ಕಥೋಲಿಕರು ಎಂದು ಕಂಡುಹಿಡಿಯಲು ಕುತ್ತಿಗೆಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಹಿಡಿದು ಸೆರೆಗೆ ಹಾಕಿದರು. ಶತಮಾನಗಳಿಂದ ಶಿಲುಬೆ ಮತ್ತು ಪೋರ್ಚುಗೀಸ್ ಧ್ವಜ ಒಂದೇ ಹಡಗಿನಲ್ಲಿ ಬಂದಿದ್ದವು. ಪಾದ್ರಿಯೆಂದರೆ ಗೂಢಚಾರ ಎಂದು ಕ್ಯಾಂಡಿಯವರು ತಿಳಿದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಕೊನೆಗೆ ಅವರಿಗೆ ಕೆಲಸ ಮಾಡಲು ಸ್ವಾತಂತ್ರ್ಯ ಕೊಟ್ಟವನು ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯ. 1697ರಲ್ಲಿ ಊರಿಗೆ ಸಿಡುಬು ಬಂದು ಜನ ಮನೆ ಬಿಟ್ಟು ಓಡಿದಾಗ ರೋಗಿಗಳ ಸೇವೆಗೆ ನಿಂತವರು ವಾಜ್. ಅವರ ಕೈಯಲ್ಲಿ ರಾಜಾಜ್ಞೆ ಇರಲಿಲ್ಲ, ಖಜಾನೆ ಇರಲಿಲ್ಲ, ಸೆರೆಮನೆ ಇರಲಿಲ್ಲ. 1711ರಲ್ಲಿ ಅವರು ತೀರಿಕೊಳ್ಳುವಾಗ ದ್ವೀಪದಲ್ಲಿ ಧರ್ಮಸಭೆ ಮತ್ತೆ ಎದ್ದು ನಿಂತಿತ್ತು. ಡಚ್ ಸರ್ಕಾರದ ಕೆಲಸ, ಸವಲತ್ತಿಗಾಗಿ ಪ್ರೊಟೆಸ್ಟೆಂಟರೆಂದು ಹೆಸರು ಬರೆಸಿದ್ದ ಸಾವಿರಾರು ಜನರಾದರೋ 1796ರಲ್ಲಿ ಇಂಗ್ಲಿಷರು ಬಂದ ಕೂಡಲೇ ಕರಗಿಹೋದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ವಾಜ್ ಅವರನ್ನು ಸಂತರೆಂದು ಘೋಷಿಸಿದರು.

1784ರ ಸೆರೆಯ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಿದವರೇ ಹೆಚ್ಚು, ಆದ್ದರಿಂದ ಚಿಕ್ಕದಾಗಿ ಹೇಳುತ್ತೇವೆ. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನ್ ಕನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಲೆಕ್ಕ 30,000ದಿಂದ 60,000ದವರೆಗೆ ಬೇರೆ ಬೇರೆ ಇದೆ. ದಾರಿಯಲ್ಲಿ ಮತ್ತು ಸೆರೆಯಲ್ಲಿ ಸತ್ತವರು ಬಹಳ. ಅದು ಕ್ರೌರ್ಯವೇ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಇದನ್ನು ಹಿಡಿದು ಇವತ್ತಿನ ನೆರೆಮನೆಯ ಮುಸಲ್ಮಾನರ ಮೇಲೆ ಮಾತಾಡುವವರಿಗೆ ನಾವು ಕೇಳುವುದಿಷ್ಟೇ: ಗೋವಾದ ‘ದೊಡ್ಡ ಮನೆ’ಗೆ ನಾವು ನೀವು ಇಂದು ಉತ್ತರ ಕೊಡಬೇಕೆ? ಒಬ್ಬ ಪ್ರಜೆಯ ದೇವರು ಯಾರೆಂದು ನೋಡಿ ಅವನ ನಿಷ್ಠೆ ಅಳೆಯುವ ಅರಸು ಯಾವ ಧರ್ಮದವನಾದರೂ ಮಾಡುವುದು ಇದನ್ನೇ.

ಪೋಷಕ ರಾಜನ ಕೈ ಎಂದಾದರೂ ತಿರುಗದೆ ಇರುತ್ತದೆಯೇ? ಪೋರ್ಚುಗಲ್‌ನಲ್ಲೂ ತಿರುಗಿತು. ಮಂತ್ರಿ ಪೊಂಬಾಲ್ 1759ರಲ್ಲಿ ಯೇಸುಸಭೆಯವರನ್ನು ರಾಜ್ಯದಿಂದಲೇ ಹೊರಹಾಕಿ ಆಸ್ತಿ ಮುಟ್ಟುಗೋಲು ಹಾಕಿದ. ಇನ್ಕ್ವಿಸಿಷನ್ನನ್ನು 1774ರಲ್ಲಿ ಮುಚ್ಚಿದವನೂ ಅವನೇ. ಅವನ ಪತನದ ನಂತರ 1778ರಲ್ಲಿ ಮತ್ತೆ ತೆರೆದು, ಕೊನೆಗೆ 1812ರಲ್ಲಿ ಪೂರ್ತಿ ಮುಚ್ಚಿದರು. ಧರ್ಮದ ನ್ಯಾಯಾಲಯ ಇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತಿದ್ದವರು ಮಂತ್ರಿಗಳು ಎಂಬುದನ್ನು ಗಮನಿಸಿ. 1830ರ ದಶಕದಲ್ಲಿ ಉದಾರವಾದಿ ಸರ್ಕಾರ ಬಂದು ಎಲ್ಲ ಸನ್ಯಾಸಿ ಮಠಗಳನ್ನೂ ರದ್ದು ಮಾಡಿತು. ಗೋವಾದ ಮಠಗಳು 1835ರಲ್ಲಿ ಖಾಲಿಯಾದವು. ಹಳೇಗೋವಾಕ್ಕೆ ಯಾತ್ರೆ ಹೋದಾಗ ಸಂತ ಆಗಸ್ಟಿನ್ ಗೋಪುರದ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಯುತ್ತೇವೆ. ಆ 46 ಮೀಟರ್ ಎತ್ತರದ ಗೋಪುರ ಅರ್ಧ ಉಳಿದು ನಿಂತಿರುವುದು ಶತ್ರುವಿನ ಫಿರಂಗಿಯಿಂದಲ್ಲ. ಅದನ್ನು ಕಟ್ಟಲು ಪೋಷಕನಾಗಿದ್ದ ಸರ್ಕಾರವೇ ಅಲ್ಲಿನವರನ್ನು ಹೊರಗೆ ಕಳಿಸಿತು, ಮಳೆ ಉಳಿದದ್ದನ್ನು ಮಾಡಿತು.

ಧರ್ಮಸಭೆ ಪಾಠ ಕಲಿಯಲು ಬಹಳ ಸಮಯ ತೆಗೆದುಕೊಂಡಿತು. 1965ರ ಡಿಸೆಂಬರ್ 7ರಂದು ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಸ್ಪಷ್ಟವಾಗಿ ಹೇಳಿತು. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್, ಸತ್ಯದ ಹೆಸರಿನಲ್ಲಿ ಕ್ರೈಸ್ತರು ಮಾಡಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. ನಮ್ಮ ದೇಶ ಈ ಮಾತನ್ನು ಅದಕ್ಕೂ ಮೊದಲೇ ಕಾನೂನಾಗಿ ಬರೆದಿತ್ತು. ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನವರೇ ಆದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಇದ್ದರು. ಸಭೆಯ ಉಪಾಧ್ಯಕ್ಷ, ಬಂಗಾಳದ ಎಚ್. ಸಿ. ಮುಖರ್ಜಿ ಕ್ರೈಸ್ತರು. ಧರ್ಮದ ಆಧಾರದಲ್ಲಿ ಶಾಸನಸಭೆಯಲ್ಲಿ ಮೀಸಲು ಸೀಟು ಬೇಡ ಎಂದು ಒಪ್ಪಿದವರಲ್ಲಿ ಕ್ರೈಸ್ತ ನಾಯಕರೂ ಇದ್ದರು. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿತು. ಒಂದು ಧರ್ಮದ ಪೋಷಣೆಗಾಗಿ ಯಾರಿಂದಲೂ ತೆರಿಗೆ ವಸೂಲು ಮಾಡಬಾರದು ಎನ್ನುತ್ತದೆ 27ನೇ ವಿಧಿ. 1541ರ ತಿಸ್ವಾಡಿಯ ಆ ಜಮೀನುಗಳನ್ನು ನೆನೆಸಿಕೊಂಡು ಆ ವಿಧಿಯನ್ನು ಒಮ್ಮೆ ಓದಿ ನೋಡಿ.

ಕೊನೆಗೆ ಒಂದು ಸಂಗತಿ, ನಮ್ಮ ಯುವ ಕೂಟದಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಪೋಷಕತ್ವದ ಆ ಹಳೆಯ ಹಕ್ಕು ಎಲ್ಲೋ ಮ್ಯೂಸಿಯಮ್ಮಿಗೆ ಹೋಗಿ ಬಿದ್ದಿರಲಿಲ್ಲ. ರೋಮ್ ಮತ್ತು ಪೋರ್ಚುಗಲ್ 1928ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಮಂಗಳೂರು, ಕೊಲ್ಲಂ, ತಿರುಚಿನಾಪಳ್ಳಿ ಮುಂತಾದ ಕೆಲವು ಧರ್ಮಪ್ರಾಂತ್ಯಗಳಿಗೆ ಧರ್ಮಾಧ್ಯಕ್ಷರ ಹೆಸರು ಬರುವಾಗ ಪೋರ್ಚುಗಲ್‌ನ ರಾಷ್ಟ್ರಾಧ್ಯಕ್ಷರ ಮೂಲಕ ಬರಬೇಕಿತ್ತು. ಕಾಸರಗೋಡಿನ ನಾವು ಮಂಗಳೂರು ಧರ್ಮಪ್ರಾಂತ್ಯದವರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, 1950ರ ಜನವರಿ 26ಕ್ಕೆ ಸಂವಿಧಾನ ಜಾರಿಯಾಯಿತು. ಆದರೂ ಲಿಸ್ಬನ್ ಈ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಹಾಕಿದ್ದು 1950ರ ಜುಲೈ 18ರಂದು. ಬೇಳ ಇಗರ್ಜಿಗೆ ಆಗ 60 ವರ್ಷ ತುಂಬಿತ್ತು.